ಯೂರಿಯದಿಂದ ವಿದ್ಯುತ್: ನಿಕಲ್ ಎಲೆಕ್ಟ್ರೋಡ್ ಮಾಡುವ ಕ್ರಮ, ಮೀಟರ್ ನಂಬುವ ಮೊದಲಿನ ಪರೀಕ್ಷೆ

ನಿಕಲ್ ಫೋಮ್‌ನ (ಸ್ಪಂಜಿನಂತೆ ರಂಧ್ರ ತುಂಬಿದ ನಿಕಲ್) ಒಂದು ತುಂಡನ್ನು ಕ್ಷಾರದ ದ್ರಾವಣದಲ್ಲಿ ಮುಳುಗಿಸಿ, ಎದುರಿಗೆ ಗಾಳಿ ಹೀರುವ ಕಾರ್ಬನ್ ಎಲೆಕ್ಟ್ರೋಡ್ ಇಟ್ಟು ಮೀಟರ್ ಹಚ್ಚಿದರೆ ವೋಲ್ಟೇಜ್ ಬರುತ್ತದೆ. ಯೂರಿಯ ಹಾಕದೆಯೂ ಬರುತ್ತದೆ. ಕಾಲೇಜು ಪ್ರಾಜೆಕ್ಟ್‌ಗಳಲ್ಲಿ ಅತಿ ಹೆಚ್ಚು ಎಡವುವುದು ಇಲ್ಲೇ. ಯೂರಿಯ ಕ್ಷಾರದಲ್ಲಿ ಉತ್ಕರ್ಷಣೆಗೊಳ್ಳುವ ಆದರ್ಶ ವಿಭವ ಮೈನಸ್ 0.746 ವೋಲ್ಟ್. ಬರೀ ನಿಕಲ್ ಲೋಹವೇ ಹೈಡ್ರಾಕ್ಸೈಡ್ ಆಗುವ ವಿಭವ ಮೈನಸ್ 0.72 ವೋಲ್ಟ್. ಎರಡೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಉರಿಯುತ್ತಿರುವುದು ಯೂರಿಯವೋ ನಿಮ್ಮ ಎಲೆಕ್ಟ್ರೋಡೋ ಎಂದು ಮೀಟರ್ ಹೇಳುವುದಿಲ್ಲ. ಅದನ್ನು ನೀವೇ ಬೇರ್ಪಡಿಸಿ ನೋಡಬೇಕು. ಮುಂದಿನ ಕ್ರಮವೆಲ್ಲ ಆ ಬೇರ್ಪಡಿಸುವಿಕೆಗಾಗಿಯೇ ಇದೆ.

ಯೂರಿಯ ಎಲ್ಲಿಂದ ತರುವುದು

ಮಂಗಳೂರಿನ ಪಣಂಬೂರಿನಲ್ಲೇ ಯೂರಿಯ ಕಾರ್ಖಾನೆ ಇದೆ, ಗೊಬ್ಬರದ ಅಂಗಡಿಯಲ್ಲಿ ಚೀಲ ಸಿಗುತ್ತದೆ ಎಂದು ಅದನ್ನು ತರಬೇಡಿ. ಅದು ಕೃಷಿಗೆ ಸಬ್ಸಿಡಿಯಲ್ಲಿ ಕೊಡುವ ಮಾಲು. ಅಲ್ಲದೆ ಅದಕ್ಕೆ ಬೇವಿನೆಣ್ಣೆಯ ಲೇಪ ಇರುತ್ತದೆ. ಆ ಎಣ್ಣೆ ಕ್ಷಾರದಲ್ಲಿ ಸಾಬೂನಾಗಿ ಫೋಮ್‌ನ ರಂಧ್ರಗಳಲ್ಲಿ ನೊರೆ ಕಟ್ಟಿಸುತ್ತದೆ, ಕಾರ್ಬನ್ ಎಲೆಕ್ಟ್ರೋಡನ್ನು ಒದ್ದೆ ಮಾಡಿ ಕೆಡಿಸುತ್ತದೆ. ಪ್ರಯೋಗಾಲಯದ ಶುದ್ಧ ಯೂರಿಯ ಒಳ್ಳೆಯದು. ಅದಿಲ್ಲದಿದ್ದರೆ ಹೆದ್ದಾರಿ 66ರ ಪೆಟ್ರೋಲ್ ಬಂಕ್‌ಗಳಲ್ಲಿ ಡೀಸೆಲ್ ಲಾರಿಗಳಿಗೆ ಮಾರುವ ಡಿಇಎಫ್ ದ್ರವ ಸಾಕು. ಅದು ಶುದ್ಧ ನೀರಿನಲ್ಲಿ ತೂಕದ ಲೆಕ್ಕಕ್ಕೆ 32.5 ಶೇಕಡಾ ಯೂರಿಯ, ಅಂದರೆ ಲೀಟರಿಗೆ ಸುಮಾರು 354 ಗ್ರಾಂ.

ಮನುಷ್ಯರ ಮೂತ್ರದಲ್ಲಿ ಸುಮಾರು 2 ಶೇಕಡಾ ಯೂರಿಯ ಇರುತ್ತದೆ, ಸುಮಾರು 0.33 ಮೋಲಾರ್. ಮೊದಲ ಪ್ರಯೋಗವನ್ನು ಇದೇ ಪ್ರಮಾಣದಲ್ಲಿ ಮಾಡಿ. ಅರ್ಧ ಲೀಟರಿಗೆ: ಪೊಟ್ಯಾಸಿಯಂ ಹೈಡ್ರಾಕ್ಸೈಡ್ (ಮುಂದೆ ಕೆಒಎಚ್) 33 ಗ್ರಾಂ, ಡಿಇಎಫ್ 28 ಮಿ.ಲೀ. ಅಥವಾ ಯೂರಿಯ 9.9 ಗ್ರಾಂ, ಉಳಿದದ್ದು ಡಿಸ್ಟಿಲ್ಡ್ ನೀರು. 1 ಮೋಲಾರ್ ಕೆಒಎಚ್‌ಗೆ ಪುಸ್ತಕದ ಲೆಕ್ಕ ಅರ್ಧ ಲೀಟರಿಗೆ 28 ಗ್ರಾಂ. ಆದರೆ ಅಂಗಡಿಯ ಹರಳು ಸಾಮಾನ್ಯವಾಗಿ 85 ಶೇಕಡಾ ಮಾತ್ರ, ಉಳಿದದ್ದು ನೀರು. ಅದಕ್ಕೇ 33.

ಕರಾವಳಿಯ ಮಳೆಗಾಲದಲ್ಲಿ ಆ 85 ಕೂಡ ಉಳಿಯುವುದಿಲ್ಲ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮುಚ್ಚಳ ತೆರೆದಿಟ್ಟ ಡಬ್ಬಿಯ ಹರಳು ತೂಗುವಷ್ಟರಲ್ಲೇ ಬೆವರಿ ಅಂಟಿಕೊಳ್ಳುತ್ತದೆ, ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕಾರ್ಬೊನೇಟ್ ಆಗತೊಡಗುತ್ತದೆ. ಬೇಗ ತೂಗಿ, ಇಡೀ ಡಬ್ಬಿಯನ್ನು ಒಂದೇ ಸಲ ದ್ರಾವಣ ಮಾಡಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಡುವುದು ಮೇಲು. ಗಾಜನ್ನು ಕ್ಷಾರ ನಿಧಾನವಾಗಿ ತಿನ್ನುತ್ತದೆ. ನೀರಿಗೆ ಹರಳನ್ನು ಸ್ವಲ್ಪಸ್ವಲ್ಪವೇ ಹಾಕಿ, ಬಿಸಿ ಏರುತ್ತದೆ. ಕನ್ನಡಕ, ಕೈಗವಸು ಇಲ್ಲದೆ ಮುಟ್ಟಬೇಡಿ. ಕಣ್ಣಿಗೆ ಕ್ಷಾರ ಬಿದ್ದರೆ ಆಮ್ಲಕ್ಕಿಂತ ಆಳಕ್ಕೆ ಇಳಿಯುತ್ತದೆ.

ಎಲೆಕ್ಟ್ರೋಡ್

ಫೋಮನ್ನು 2 ಸೆಂ.ಮೀ. ಅಗಲ, 3 ಸೆಂ.ಮೀ. ಉದ್ದಕ್ಕೆ ಕತ್ತರಿಸಿ. ಕೆಳಗಿನ 2 ಸೆಂ.ಮೀ. ಕೆಲಸಕ್ಕೆ, ಮೇಲಿನ 1 ಸೆಂ.ಮೀ. ಕ್ಲಿಪ್ಪಿಗೆ. ಅಸಿಟೋನ್‌ನಲ್ಲಿ 15 ನಿಮಿಷ, 3 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 10 ನಿಮಿಷ ಇಟ್ಟು ಡಿಸ್ಟಿಲ್ಡ್ ನೀರಿನಲ್ಲಿ ಮೂರ್ನಾಲ್ಕು ಸಲ ತೊಳೆಯಿರಿ. ಮೇಲಿನ ಮತ್ತು ಕೆಳಗಿನ ಭಾಗದ ನಡುವೆ ಎಪಾಕ್ಸಿಯ ಒಂದು ಪಟ್ಟಿ ಎಳೆದು ರಂಧ್ರಗಳ ಒಳಗೂ ಇಳಿಯುವಂತೆ ಒತ್ತಿ. ಇದನ್ನು ಬಿಟ್ಟರೆ ಫೋಮ್ ಬತ್ತಿಯ ಹಾಗೆ ದ್ರಾವಣವನ್ನು ಮೇಲಕ್ಕೆ ಹೀರುತ್ತದೆ. ಅರ್ಧ ಗಂಟೆಯಲ್ಲಿ ಕ್ಲಿಪ್ ಒದ್ದೆಯಾಗಿ ಅದರ ತಾಮ್ರ ಕರಗಿ ದ್ರಾವಣ ಸೇರುತ್ತದೆ. ಆಮೇಲೆ ಬರುವ ಯಾವ ಅಂಕಿಗೂ ಬೆಲೆ ಇಲ್ಲ.

ಆಟೋಕ್ಲೇವ್ (ಒತ್ತಡದಲ್ಲಿ ಬಿಸಿ ಮಾಡುವ ಮುಚ್ಚಿದ ಪಾತ್ರೆ) ಇದ್ದವರು ಜಲೋಷ್ಣ ವಿಧಾನ ಹಿಡಿಯಬಹುದು. ಇಲ್ಲದವರಿಗೆ ಒಂದು ಡಿಸಿ ಪವರ್ ಸಪ್ಲೈ ಸಾಕು, ಫಲಿತಾಂಶವೂ ಕೀಳಲ್ಲ. 100 ಮಿ.ಲೀ. ನೀರಿಗೆ ನಿಕಲ್ ನೈಟ್ರೇಟ್ ಹೆಕ್ಸಾಹೈಡ್ರೇಟ್ 2.9 ಗ್ರಾಂ ಕರಗಿಸಿ. ಫೋಮ್ ಋಣ ತುದಿಗೆ, ಗ್ರಾಫೈಟ್ ಕಡ್ಡಿ ಧನ ತುದಿಗೆ. ಸಪ್ಲೈಯನ್ನು ಸ್ಥಿರ ಕರೆಂಟ್‌ನಲ್ಲಿಟ್ಟು 40 ಮಿಲಿಆಂಪಿಯರ್ 5 ನಿಮಿಷ ಹರಿಸಿ. ಇಲ್ಲಿ ನೈಟ್ರೇಟ್ ಅಪಕರ್ಷಣೆಗೊಂಡು ಫೋಮ್‌ನ ಮೈಮೇಲೆಯೇ ಕ್ಷಾರ ಹುಟ್ಟುತ್ತದೆ, ಆ ಕ್ಷಾರದಲ್ಲಿ ನಿಕಲ್ ಹೈಡ್ರಾಕ್ಸೈಡ್ ತೆಳುವಾಗಿ ಕೂರುತ್ತದೆ. ಬಣ್ಣ ತಿಳಿ ಹಸಿರು. ಹೆಚ್ಚು ಹೊತ್ತು ಬಿಟ್ಟರೆ ಪದರ ದಪ್ಪವಾಗಿ ಒಣಗುವಾಗ ಬಿರಿದು ಉದುರುತ್ತದೆ. ದಪ್ಪ ಪದರ ಒಳ್ಳೆಯದೆಂಬ ಆಸೆ ಬೇಡ; ವಿದ್ಯುತ್ ಸಾಗಿಸದ ವಸ್ತು ಅದು, ತೆಳುವಾಗಿದ್ದಷ್ಟೂ ಚುರುಕು. ತೊಳೆದು 60 ಡಿಗ್ರಿಯಲ್ಲಿ ಒಣಗಿಸಿ.

ಕೋಬಾಲ್ಟ್ ಸೇರಿಸಿದರೆ ಕ್ರಿಯೆ ಶುರುವಾಗುವ ವೋಲ್ಟೇಜ್ ಇಳಿಯುತ್ತದೆ: ನಿಕಲ್ ನೈಟ್ರೇಟ್ 2.6 ಗ್ರಾಂ, ಕೋಬಾಲ್ಟ್ ನೈಟ್ರೇಟ್ 0.29 ಗ್ರಾಂ. ಕಬ್ಬಿಣ ಮಾತ್ರ ಹತ್ತಿರ ಸುಳಿಯಬಾರದು. ತುಕ್ಕಿನ ಕಣ ಬಿದ್ದರೂ ಎಲೆಕ್ಟ್ರೋಡ್ ನೀರನ್ನು ಒಡೆದು ಆಮ್ಲಜನಕ ಬಿಡುವುದರಲ್ಲಿ ಜಾಣನಾಗಿಬಿಡುತ್ತದೆ.

ಬಳಿಕ ಪಳಗಿಸುವುದು. ಬರೀ 1 ಮೋಲಾರ್ ಕೆಒಎಚ್‌ನಲ್ಲಿ ಇನ್ನೊಂದು ಖಾಲಿ ಫೋಮ್ ಎದುರಿಗಿಟ್ಟು 20 ಮಿಲಿಆಂಪಿಯರ್ 2 ನಿಮಿಷ ಧನ ದಿಕ್ಕಿಗೆ, 2 ನಿಮಿಷ ಋಣ ದಿಕ್ಕಿಗೆ, ಹೀಗೆ ಹತ್ತು ಸಲ. ಪೊಟೆನ್ಶಿಯೋಸ್ಟಾಟ್ (ಎಲೆಕ್ಟ್ರೋಡಿನ ವಿಭವ ನಿಯಂತ್ರಿಸುವ ಯಂತ್ರ) ಇದ್ದರೆ ಮರ್ಕ್ಯುರಿ-ಮರ್ಕ್ಯುರಿ ಆಕ್ಸೈಡ್ ಉಲ್ಲೇಖ ಎಲೆಕ್ಟ್ರೋಡಿನ ಎದುರು 0ಯಿಂದ 0.6 ವೋಲ್ಟ್, ಸೆಕೆಂಡಿಗೆ 50 ಮಿಲಿವೋಲ್ಟ್, 30 ಸುತ್ತು. ಬೆಳ್ಳಿ-ಬೆಳ್ಳಿ ಕ್ಲೋರೈಡ್ ಎಲೆಕ್ಟ್ರೋಡ್ ಇಲ್ಲಿ ಬೇಡ. ಅದರಿಂದ ಸೋರುವ ಕ್ಲೋರೈಡ್ ನಿಕಲ್ ತಿನ್ನುತ್ತದೆ.

ಕಪ್ಪು-ಹಸಿರು ಪರೀಕ್ಷೆ

ನಮ್ಮ ಮಟ್ಟಿಗೆ ಇಡೀ ಕೆಲಸದಲ್ಲಿ ಅತ್ಯಂತ ಚಂದದ, ಅತ್ಯಂತ ಪ್ರಾಮಾಣಿಕವಾದ ಪರೀಕ್ಷೆ ಇದು. ಧನ ದಿಕ್ಕಿಗೆ ಚಾರ್ಜ್ ಆದ ಎಲೆಕ್ಟ್ರೋಡ್ ಕಪ್ಪಗಾಗುತ್ತದೆ: ಹಸಿರು ಹೈಡ್ರಾಕ್ಸೈಡ್ ಆಕ್ಸಿಹೈಡ್ರಾಕ್ಸೈಡ್ ಆಗಿರುತ್ತದೆ. ಯೂರಿಯದ ಮೇಲೆ ಬೀಳುವುದು ಈ ಕಪ್ಪು ರೂಪವೇ. ಯೂರಿಯವನ್ನು ಉತ್ಕರ್ಷಿಸಿ ತಾನು ಮತ್ತೆ ಹಸಿರಾಗುತ್ತದೆ. ಹೀಗೆ ಕಪ್ಪಾದ ಎರಡು ಎಲೆಕ್ಟ್ರೋಡ್ ತೆಗೆದುಕೊಂಡು ಒಂದನ್ನು ಬರೀ ಕೆಒಎಚ್‌ನಲ್ಲಿ, ಇನ್ನೊಂದನ್ನು ಯೂರಿಯ ಸೇರಿಸಿದ ಕೆಒಎಚ್‌ನಲ್ಲಿ ಒಟ್ಟಿಗೇ ಇಳಿಸಿ. ಯೂರಿಯದಲ್ಲಿ ಇರುವುದು ಮೊದಲು ಕಪ್ಪು ಕಳೆದುಕೊಳ್ಳಬೇಕು. ಎರಡೂ ಒಂದೇ ವೇಗದಲ್ಲಿ ಬಿಳಿಚಿದರೆ ನಿಮ್ಮ ಕ್ರಿಯಾವರ್ಧಕ ಕೆಲಸ ಮಾಡುತ್ತಿಲ್ಲ. ಸೆಲ್ ಕಟ್ಟುವ ಶ್ರಮ ಬೇಡ, ತೊಳೆಯುವ ಹಂತಕ್ಕೆ ಮರಳಿ.

ಗಾಳಿ ಸೆಲ್

ಕ್ಯಾಥೋಡ್‌ಗೆ (ಗಾಳಿ ಹೀರುವ ಎಲೆಕ್ಟ್ರೋಡ್) ನೀರು ಹಿಡಿಯದಂತೆ ಪಿಟಿಎಫ್‌ಇ (ಟೆಫ್ಲಾನ್) ಬಳಿದ ಕಾರ್ಬನ್ ಬಟ್ಟೆ ಬೇಕು. 2×2 ಸೆಂ.ಮೀ. ಜಾಗಕ್ಕೆ ಮ್ಯಾಂಗನೀಸ್ ಡೈಆಕ್ಸೈಡ್ ಪುಡಿ 8 ಮಿ.ಗ್ರಾಂ, ಕಾರ್ಬನ್ ಬ್ಲ್ಯಾಕ್ 8 ಮಿ.ಗ್ರಾಂ, ಪುಡಿಯನ್ನು ಹಿಡಿದಿಡುವ ಅಂಟಾಗಿ 5 ಶೇಕಡಾ ನಾಫಿಯಾನ್ ದ್ರಾವಣ 100 ಮೈಕ್ರೋಲೀಟರ್, ಐಸೋಪ್ರೊಪನಾಲ್ 1 ಮಿ.ಲೀ. ಅರ್ಧ ಗಂಟೆ ಅಲ್ಟ್ರಾಸಾನಿಕ್‌ನಲ್ಲಿ ಕಲಸಿ, ಒಂದೇ ಮುಖಕ್ಕೆ ಕುಂಚದಿಂದ ಪದರಪದರವಾಗಿ ಬಳಿದು ಒಣಗಿಸಿ. ಪ್ಲಾಸ್ಟಿಕ್ ಡಬ್ಬಿಯ ಗೋಡೆಯಲ್ಲಿ ಅಷ್ಟೇ ಅಗಲದ ಕಿಟಕಿ ಕೊರೆದು, ಬಳಿದ ಮುಖ ಒಳಗೆ ಬರುವಂತೆ ಸಿಲಿಕೋನ್ ಗ್ಯಾಸ್ಕೆಟ್ ಇಟ್ಟು ಬಿಗಿಯಿರಿ. ಆನೋಡ್ (ನಿಕಲ್ ಫೋಮ್) 1 ಸೆಂ.ಮೀ. ದೂರದಲ್ಲಿರಲಿ, ನಡುವೆ ನೈಲಾನ್ ಬಟ್ಟೆಯ ಪರದೆ.

ಈಗ ಮುಖ್ಯ ಮಾತು. ಮೊದಲ ಓಟ ಯೂರಿಯ ಇಲ್ಲದೆ. ಬರೀ ಕೆಒಎಚ್ ತುಂಬಿ 100 ಓಮ್ ರೆಸಿಸ್ಟರ್ ಹಾಕಿ ಒಂದು ಗಂಟೆ ಕಾಲ ಐದೈದು ನಿಮಿಷಕ್ಕೆ ವೋಲ್ಟೇಜ್ ಬರೆದಿಡಿ. ನಿಕಲ್ ತನ್ನ ಮೈಮೇಲೆ ಹೈಡ್ರಾಕ್ಸೈಡ್ ಪೊರೆ ಕಟ್ಟಿಕೊಂಡಂತೆ ಅಂಕಿ ಇಳಿಯುತ್ತ ಬರುತ್ತದೆ. ಆಮೇಲೆ ದ್ರಾವಣ ಬದಲಿಸಿ, ಅದೇ ಎಲೆಕ್ಟ್ರೋಡ್, ಅದೇ ರೆಸಿಸ್ಟರ್, ಯೂರಿಯ ಇರುವ ದ್ರಾವಣ, ಇನ್ನೊಂದು ಗಂಟೆ. ಎರಡನೆಯದರಿಂದ ಮೊದಲನೆಯದನ್ನು ಕಳೆದು ಉಳಿದದ್ದಷ್ಟೇ ಯೂರಿಯದ್ದು. ನಂತರ 1000, 470, 220, 100, 47, 22, 10 ಓಮ್ ಹೀಗೆ ಇಳಿಯುತ್ತ ಪ್ರತಿಯೊಂದಕ್ಕೂ 5 ನಿಮಿಷ ಕೊಟ್ಟು ವೋಲ್ಟೇಜಿನ ವರ್ಗವನ್ನು ಓಮ್‌ನಿಂದ ಭಾಗಿಸಿ ಶಕ್ತಿ ಲೆಕ್ಕ ಹಾಕಿ.

ಉಳಿಯುವ ಅಂಕಿ ಸಣ್ಣದು, ಅದಕ್ಕೆ ಕಾರಣವೂ ಇದೆ. ಯೂರಿಯ-ಗಾಳಿ ಸೆಲ್‌ನ ಆದರ್ಶ ವೋಲ್ಟೇಜ್ 1.146. ಆದರೆ ಕಪ್ಪು ನಿಕಲ್ ಹುಟ್ಟಲು ಅದೇ ಕ್ಷಾರದಲ್ಲಿಟ್ಟ ಹೈಡ್ರೋಜನ್ ಎಲೆಕ್ಟ್ರೋಡಿನ ಎದುರು ಸುಮಾರು 1.36 ವೋಲ್ಟ್ ಬೇಕು. ಗಾಳಿಯ ಆಮ್ಲಜನಕ ಎಷ್ಟೇ ಎಳೆದರೂ 1.23 ದಾಟುವುದಿಲ್ಲ. ಅಂದರೆ ಕ್ರಿಯಾವರ್ಧಕವನ್ನು ಪೂರ್ತಿ ಎಬ್ಬಿಸುವಷ್ಟು ಬಲ ಗಾಳಿಗೆ ಇಲ್ಲ. ಅದಕ್ಕೇ ಅನೇಕ ಸಂಶೋಧಕರು ಕ್ಯಾಥೋಡ್ ಕಡೆ ಆಮ್ಲ ಬೆರೆಸಿದ ಹೈಡ್ರೋಜನ್ ಪೆರಾಕ್ಸೈಡ್ ಬಳಸುತ್ತಾರೆ. ವೋಲ್ಟೇಜ್ ಜಿಗಿಯುತ್ತದೆ ನಿಜ, ಅದರಲ್ಲಿ ದೊಡ್ಡ ಪಾಲು ಪೆರಾಕ್ಸೈಡಿನದು ಮತ್ತು ಆಮ್ಲ-ಕ್ಷಾರದ ವ್ಯತ್ಯಾಸದ್ದು. ಸಾಮಾನಿನ ಖರ್ಚನ್ನೂ ನೋಡಿ: ಆನೋಡ್ ಕಡೆ 1 ಗ್ರಾಂ ಯೂರಿಯ ಉರಿದು ಕಾರ್ಬೊನೇಟ್ ಆಗಲು ಸುಮಾರು 7.5 ಗ್ರಾಂ ಕೆಒಎಚ್ ಬೇಕು, ಎದುರು ಕಡೆ ಸುಮಾರು 4.9 ಗ್ರಾಂ ಸಲ್ಫ್ಯೂರಿಕ್ ಆಮ್ಲ. ಒಂದೇ ಡಬ್ಬಿಯ ಗಾಳಿ ಸೆಲ್‌ನಲ್ಲಿ ಕ್ಯಾಥೋಡ್ ಕ್ಷಾರವನ್ನು ಮರಳಿ ಕೊಡುವುದರಿಂದ ನಿವ್ವಳ ಖರ್ಚು 1.9 ಗ್ರಾಂ ಕೆಒಎಚ್ ಮಾತ್ರ. ವೋಲ್ಟೇಜ್ ಕಡಿಮೆಯಾದರೂ ಗಾಳಿ ಸೆಲ್ಲನ್ನೇ ನಾವು ಹೇಳುವುದು ಇದಕ್ಕೆ.

1 ಗ್ರಾಂ ಯೂರಿಯದಲ್ಲಿ 2.68 ಆಂಪಿಯರ್-ಗಂಟೆ ಇದೆ. ಒಂದು ಲೀಟರ್ ಮೂತ್ರದ 20 ಗ್ರಾಂ ಪೂರ್ತಿ ಉರಿದು, ಸೆಲ್ 0.3 ವೋಲ್ಟ್‌ನಲ್ಲಿ ನಡೆದರೆ 16 ವ್ಯಾಟ್-ಗಂಟೆ, ಒಂದು ಮೊಬೈಲ್ ಬ್ಯಾಟರಿಗಿಂತ ತುಸು ಕಡಿಮೆ. ಇದು ಮೇಲ್ಮಿತಿ.

1.5 ವೋಲ್ಟ್ ಕೊಟ್ಟು ನಡೆಸುವುದು

ಯೂರಿಯ ನಿಜವಾಗಿ ಒಡೆದು ಖಾಲಿಯಾಗಬೇಕು ಎನ್ನುವವರು ಸಣ್ಣ ಸೋಲಾರ್ ಪ್ಯಾನೆಲ್‌ನಿಂದ ನಿಯಂತ್ರಿತ 1.5 ವೋಲ್ಟ್ ಕೊಟ್ಟು, ಎದುರಿಗೆ ಖಾಲಿ ನಿಕಲ್ ಫೋಮ್ ಇಟ್ಟು ಇದೇ ಆನೋಡನ್ನು ಎಲೆಕ್ಟ್ರೋಲಿಸಿಸ್‌ನಲ್ಲಿ ಓಡಿಸಿ. ನಿಕಲ್ ಮೇಲೆ ಯೂರಿಯ ಒಡೆದು ಹೈಡ್ರೋಜನ್ ಪಡೆಯುವ ಈ ದಾರಿಯನ್ನು 2009ರಲ್ಲಿ ಜೆರಾರ್ಡೀನ್ ಬೊಟ್ಟೆಯವರ ತಂಡ ಅಮೆರಿಕದ ಓಹಾಯೊದಲ್ಲಿ ತೋರಿಸಿತು. ಯೂರಿಯ ಇಲ್ಲದಿದ್ದಾಗ 1.5 ವೋಲ್ಟ್‌ಗೆ ಕರೆಂಟ್ ಹೆಸರಿಗಷ್ಟೇ. ಯೂರಿಯ ಹಾಕಿದೊಡನೆ ಏರುತ್ತದೆ. 1.65 ದಾಟಿಸಬೇಡಿ, ಆಗ ಗುಳ್ಳೆ ಬರುವುದು ನೀರಿನಿಂದ. ಒಂದು ಆಂಪಿಯರ್-ಗಂಟೆಗೆ ಸುಮಾರು 460 ಮಿ.ಲೀ. ಹೈಡ್ರೋಜನ್ ಹೊರಬರುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ಕಿಡಿ ಬೇಡ.

ನಿಜವಾದ ಕೊಳಚೆ ನೀರಿಗೆ ಹೋಗುವಾಗ

ಮಂಗಳೂರಿನ ಕಾವೂರಿನಂಥ ಒಳಚರಂಡಿ ಶುದ್ಧೀಕರಣ ಘಟಕದಿಂದ ನೀರು ತಂದು ನಿರಾಶರಾಗಬೇಡಿ. ಪೈಪಿನ ದಾರಿಯಲ್ಲೇ ಬ್ಯಾಕ್ಟೀರಿಯಾಗಳ ಯೂರಿಯೇಸ್ ಕಿಣ್ವ ಯೂರಿಯವನ್ನು ಅಮೋನಿಯ ಮಾಡಿಬಿಟ್ಟಿರುತ್ತದೆ, ಉಳಿದದ್ದೂ ತೀರಾ ತೆಳು. ಬೇಕಾದದ್ದು ಹಾಸ್ಟೆಲ್ ಅಥವಾ ಉಡುಪಿಯ ಪರ್ಯಾಯದಂಥ ಉತ್ಸವದ ಮೂತ್ರಾಲಯದಲ್ಲಿ ಬೇರೆಯಾಗಿ ಹಿಡಿದ, ಅಂದಂದಿನ ಮೂತ್ರ. ಇಲ್ಲಿಯ 30 ಡಿಗ್ರಿ ಸೆಕೆಯಲ್ಲಿ ಅದೂ ಬೇಗ ಕೆಡುತ್ತದೆ. ಹಿಡಿಯುವ ಕ್ಯಾನಿಗೇ ಮೊದಲು ಲೀಟರಿಗೆ 10 ಗ್ರಾಂ ಅರಳಿದ ಸುಣ್ಣ ಹಾಕಿಡಿ. ಪಿಎಚ್ 12 ದಾಟಿದರೆ ಕಿಣ್ವ ನಿಲ್ಲುತ್ತದೆ. ಸುಣ್ಣ, ನಂತರ ಕೆಒಎಚ್ ಸೇರಿಸಿದಾಗ ಫಾಸ್ಫೇಟ್, ಮೆಗ್ನೀಸಿಯಂ ಬಿಳಿ ಚೂರಾಗಿ ಇಳಿಯುತ್ತವೆ. ಎರಡು ಗಂಟೆ ಬಿಟ್ಟು ತಿಳಿಯನ್ನಷ್ಟೇ ಬಸಿಯಿರಿ, ಇಲ್ಲವಾದರೆ ಆ ಚೂರು ಫೋಮ್ ತುಂಬುತ್ತದೆ. ದ್ರಾವಣ ಮಾಡಲು ಕಡಲ ಬದಿಯ ಉಪ್ಪು ಬಾವಿಯ ನೀರು ಬೇಡ. ಮೂತ್ರದಲ್ಲಿ ಇರುವ ಕ್ಲೋರೈಡೇ ಸಾಲದೆ?

ಎಲ್ಲಿ ಕೆಡುತ್ತದೆ

ಮೀಟರ್ ಮೈನಸ್ ತೋರಿಸಿದರೆ ತಂತಿ ಅದಲುಬದಲಾಗಿದೆ ಎಂದುಕೊಳ್ಳುವ ಮೊದಲು ಆನೋಡಿನ ಬಣ್ಣ ನೋಡಿ. ಕಪ್ಪಗಿದ್ದರೆ ಅದು ಚಾರ್ಜ್ ಆಗಿಯೇ ಸೆಲ್ ಸೇರಿದೆ, ಗಾಳಿಗಿಂತ ಅದರ ವಿಭವ ಮೇಲಿದೆ. ಹಸಿರಾಗುವವರೆಗೆ ಯೂರಿಯದಲ್ಲಿ ಬಿಡಿ.

ಒಂದೆರಡು ದಿನಕ್ಕೆ ಶಕ್ತಿ ಕುಸಿದರೆ ಕ್ಯಾಥೋಡಿನ ಹೊರಮುಖ ನೋಡಿ. ಒಣ ಊರುಗಳಲ್ಲಿ ಅಲ್ಲಿ ಬಿಳಿ ಪುಡಿ ಕೂರುತ್ತದೆ. ನಮ್ಮ ತೇವದ ಗಾಳಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ನೀರು ಹೀರಿ ಜಿಗುಟು ಹನಿಯಾಗಿ ನಿಲ್ಲುತ್ತದೆ, ಜನ ಅದನ್ನು ಗ್ಯಾಸ್ಕೆಟ್ ಸೋರಿಕೆ ಎಂದು ಭ್ರಮಿಸುತ್ತಾರೆ. ಆ ಹನಿಯನ್ನು ಕಾಗದಕ್ಕೆ ಒತ್ತಿ ಮೇಲೆ ಒಂದು ತೊಟ್ಟು ವಿನೆಗರ್ ಹಾಕಿ. ಚೆನ್ನಾಗಿ ನೊರೆಯೆದ್ದರೆ ಕಾರ್ಬೊನೇಟ್. ಕಾರ್ಬನ್ ಬಟ್ಟೆಯನ್ನು ಉಗುರುಬೆಚ್ಚಗಿನ ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ ಒಣಗಿಸಿ ಮತ್ತೆ ಹಾಕಬಹುದು.

ಕೊನೆಯಲ್ಲಿ ಯೂರಿಯ ಎಷ್ಟು ಹೋಯಿತು ಎಂದು ಅಳೆಯದೆ ಯಾವ ಹೇಳಿಕೆಯನ್ನೂ ಬರೆಯಬೇಡಿ. ಮಾದರಿಯ ಕ್ಷಾರವನ್ನು ಆಮ್ಲದಿಂದ ತಟಸ್ಥ ಮಾಡಿ, ತೆಳುವಾಗಿಸಿ, ಡೈಮೀಥೈಲ್‌ಅಮೈನೋಬೆಂಜಾಲ್ಡಿಹೈಡ್ ಸೇರಿಸಿದಾಗ ಬರುವ ಹಳದಿಯನ್ನು ಸುಮಾರು 420 ನ್ಯಾನೋಮೀಟರ್‌ನಲ್ಲಿ ಓದಿ. ಯೂರಿಯವೆಲ್ಲ ಸಾರಜನಕ ಅನಿಲವಾಗಿ ಹಾರಿಹೋಗುತ್ತದೆ ಎಂಬ ಸಮೀಕರಣವನ್ನೂ ಪೂರ್ತಿ ನಂಬುವಂತಿಲ್ಲ. ನಿಕಲ್ ಮೇಲೆ ನೈಟ್ರೈಟ್, ಸಯನೇಟ್ ಕೂಡ ಹುಟ್ಟುತ್ತವೆ. ಮೀನು ಸಾಕುವವರು, ಅಕ್ವೇರಿಯಂ ಇಟ್ಟವರು ಬಳಸುವ ನೈಟ್ರೈಟ್ ಪಟ್ಟಿ ಅದ್ದಿ ನೋಡಿ, ಮಾದರಿಯನ್ನು ತಟಸ್ಥ ಮಾಡಿದ ಮೇಲೆ. ಪಟ್ಟಿ ಗುಲಾಬಿಯಾದರೆ ಆ ನೀರು ತೋಡಿಗೆ (ಹಳ್ಳಕ್ಕೆ) ಹೋಗಬಾರದು. ನಿಕಲ್ ನೈಟ್ರೇಟಿನ ತೊಳೆದ ನೀರಂತೂ ಯಾವತ್ತೂ ಸಿಂಕಿಗಲ್ಲ: ನಿಕಲ್ ಲವಣ ಕ್ಯಾನ್ಸರ್‌ಕಾರಕ, ಚರ್ಮಕ್ಕೆ ಅಲರ್ಜಿ. ಕೆಒಎಚ್ ಹಾಕಿ ಹಸಿರು ಹೈಡ್ರಾಕ್ಸೈಡ್ ಮಾಡಿ ಇಳಿಸಿ, ಸೋಸಿ, ಆ ಕೆಸರನ್ನು ಚೀಟಿ ಅಂಟಿಸಿದ ಡಬ್ಬಿಯಲ್ಲಿ ಅಪಾಯಕಾರಿ ತ್ಯಾಜ್ಯ ಒಯ್ಯುವವರಿಗೆ ಕೊಡಲು ಎತ್ತಿಡಿ.