ಟೋಕಿಯೊದ ‘ಹಾಯ್’ ಒಪ್ಪಿಗೆಯಲ್ಲ, ಬರೀ ಹೂಂಗುಟ್ಟು

ಕ್ಯಾಲಿಫೋರ್ನಿಯಾದ ಮ್ಯಾನೇಜರ್ ಸ್ಲೈಡ್ ತೋರಿಸುತ್ತಾರೆ, ಟೋಕಿಯೊದವರು ‘ಹಾಯ್, ಹಾಯ್’ ಎಂದು ತಲೆಯಾಡಿಸುತ್ತಾರೆ. ಮ್ಯಾನೇಜರ್ ಸಾಹೇಬರು ‘ಒಪ್ಪಿಗೆ ಸಿಕ್ಕಿತು’ ಎಂದು ಮೇಲಿನವರಿಗೆ ಮೇಲ್ ಹಾಕಿಬಿಡುತ್ತಾರೆ. ಮೂರು ವಾರವಾದರೂ ಆ ಕಡೆಯಿಂದ ಸದ್ದಿಲ್ಲ. ಜಪಾನಿ ಡಿಕ್ಷನರಿಯಲ್ಲಿ ‘ಹಾಯ್’ ಎಂದರೆ ಹೌದು. ಮಾತಿನ ನಡುನಡುವೆ ಬಂದರೆ ಅದು ಕಥೆ ಕೇಳುವವರು ಹಾಕುವ ‘ಹೂಂ’.

ಟೋಕಿಯೊದವರ ಜೊತೆ ವ್ಯವಹರಿಸುವುದಾದರೆ ಮೊದಲು ಸಮಯ ನೋಡಿಕೊಳ್ಳಿ. ಜಪಾನಿನಲ್ಲಿ ಬೇಸಿಗೆಗೆಂದು ಗಡಿಯಾರ ತಿರುಗಿಸುವುದಿಲ್ಲ. ಹಾಗಾಗಿ ಟೋಕಿಯೊ ಕ್ಯಾಲಿಫೋರ್ನಿಯಾಗಿಂತ ಚಳಿಗಾಲದಲ್ಲಿ 17, ಬೇಸಿಗೆಯಲ್ಲಿ 16 ಗಂಟೆ ಮುಂದು. ಕ್ಯಾಲಿಫೋರ್ನಿಯಾದ ಶುಕ್ರವಾರ ಮಧ್ಯಾಹ್ನ ಅಲ್ಲಿ ಆಗಲೇ ಶನಿವಾರ.

ಮುಂದಿನದೇ ಜೀವಾಳ: ನೆಮಾವಾಶಿ. ಮರವನ್ನು ಕಿತ್ತು ಬೇರೆಡೆ ನೆಡುವ ಮುನ್ನ ಬೇರಿನ ಸುತ್ತ ಅಗೆದು ಅಣಿ ಮಾಡುವುದಕ್ಕೆ ಇರುವ ಮಾತು ಇದು. ಜಪಾನಿ ಕಚೇರಿಯಲ್ಲಿ ತೀರ್ಮಾನ ಆಗುವುದು ಮೀಟಿಂಗ್‌ಗೆ ಮುಂಚೆ; ಮೀಟಿಂಗ್‌ನಲ್ಲಿ ಅದಕ್ಕೆ ಮುದ್ರೆ ಬೀಳುತ್ತದೆ, ಅಷ್ಟೆ. ಕನಿಷ್ಠ ಹತ್ತು ದಿನ ಮೊದಲೇ ಒಂದು ಪುಟದ ಟಿಪ್ಪಣಿಯನ್ನು ಅಲ್ಲಿ ನಿಮ್ಮ ಕೆಲಸ ನೋಡಿಕೊಳ್ಳುವ ‘ತಾಂತೋಶಾ’ಗೆ ಕಳಿಸಿ. ಸ್ಲೈಡ್ ಬೇಡ. ಯಾರ್‍ಯಾರು ಒಪ್ಪಬೇಕು ಎಂದು ಅವರನ್ನೇ ಕೇಳಿ; ಗುಣಮಟ್ಟ, ಖರೀದಿ, ಹಣಕಾಸು ವಿಭಾಗದವರು ಸಾಮಾನ್ಯವಾಗಿ ಇದ್ದೇ ಇರುತ್ತಾರೆ. ಅವರ ಜೊತೆ ಬೇರೆಬೇರೆಯಾಗಿ 15 ನಿಮಿಷ ಮಾತಾಡಿ. ‘ಒಪ್ಪಿಗೆಯೇ?’ ಎಂದು ಕೇಳಿದಿರೋ, ಮತ್ತದೇ ‘ಹಾಯ್’. ‘ಇದರಲ್ಲಿ ನಿಮ್ಮ ವಿಭಾಗಕ್ಕೆ ಯಾವುದು ತೊಡಕು?’ ಎಂದು ಕೇಳಿ. ಬಂದ ತಿದ್ದುಪಡಿಗಳನ್ನು ಗುರುತು ಹಾಕಿ ಮತ್ತೆ ಕಳಿಸಿ. ಆಮೇಲೆ ತಾಂತೋಶಾ ಮೇಲಿನವರ ಒಪ್ಪಿಗೆ ಕೋರುವ ‘ರಿಂಗಿಶೋ’ ಎಂಬ ಕಡತ ಬರೆಯುತ್ತಾರೆ, ಅದು ಮೆಟ್ಟಿಲು ಮೆಟ್ಟಿಲಾಗಿ ‘ಹಾಂಕೋ’ ಮುದ್ರೆ ಹಾಕಿಸಿಕೊಂಡು ಮೇಲೇರುತ್ತದೆ. ಈಗೀಗ ಕಂಪ್ಯೂಟರಿನಲ್ಲೂ ನಡೆಯುತ್ತದೆ, ದಾರಿ ಅದೇ. ಬೇಗ ಆಗಲಿ ಎಂದು ನೇರವಾಗಿ ಅವರ ಬಾಸ್‌ಗೆ ಬರೆಯಬೇಡಿ. ತಾಂತೋಶಾಗೆ ಮುಖಭಂಗವಾದರೆ ಕಡತ ಇದ್ದಲ್ಲೇ ಕೂರುತ್ತದೆ.

ಮೀಟಿಂಗ್‌ನಲ್ಲಿ ಮೌನ ಬಂದರೆ ಮನಸ್ಸಿನಲ್ಲೇ ಹತ್ತು ಎಣಿಸಿ. ಮೌನ ತಡೆಯಲಾರದೆ ಅಮೆರಿಕನ್ನರು ತಾವಾಗಿಯೇ ಬೆಲೆ ಇಳಿಸಿಬಿಡುತ್ತಾರೆ, ಎದುರಿನವರು ಇನ್ನೂ ಯೋಚಿಸುತ್ತಿರುತ್ತಾರೆ! ‘ಮುಜುಕಶೀ’, ಅಂದರೆ ‘ಕಷ್ಟ’, ಎಂದರೆ ಬಹುಪಾಲು ಆಗುವುದಿಲ್ಲ ಎಂದೇ ಅರ್ಥ. ‘ಕೆಂತೋ ಶಿಮಾಸು’, ಅಂದರೆ ‘ಪರಿಶೀಲಿಸುತ್ತೇವೆ’, ನಮ್ಮ ‘ನೋಡೋಣ’ದ ಅಣ್ಣ.

ಜಪಾನಿಗರಿಗೂ ಒಂದು ಮಾತು: ಅಮೆರಿಕನ್ನರಿಗೆ ಬರೆಯುವಾಗ ‘ಆಗುವುದಿಲ್ಲ’ ಎಂಬುದು ಮೊದಲ ಸಾಲಿನಲ್ಲೇ ಇರಲಿ, ಕಾರಣ ಆಮೇಲೆ. ನೀವು ಸುಮ್ಮನಿದ್ದರೆ ಅವರು ಒಪ್ಪಿಗೆ ಎಂದೇ ತಿಳಿಯುತ್ತಾರೆ.

ಹಣದ ಮಾತನ್ನು ಅಂಕಿಯಲ್ಲಿ ಬರೆದೇ ತೋರಿಸಿ. ಜಪಾನಿ ಎಣಿಕೆ ನಡೆಯುವುದು 10 ಸಾವಿರದ ‘ಮಾನ್’, 10 ಕೋಟಿಯ ‘ಓಕು’ ಮೇಲೆ. ಮಿಲಿಯನ್‌ಗೆ ಅಲ್ಲಿ ಬೇರೆ ಪದವಿಲ್ಲ. ಬಾಯಿಮಾತಿನಲ್ಲಿ ಸೊನ್ನೆ ಜಾರುವುದು ಸುಲಭ. ಮೊಬೈಲ್ ಅನುವಾದವನ್ನೂ ನೆಚ್ಚಬೇಡಿ: ಜಪಾನಿ ವಾಕ್ಯದಲ್ಲಿ ಕರ್ತೃ ಆಗಾಗ ಇರುವುದೇ ಇಲ್ಲ, ಯಂತ್ರ ತಾನೇ ಒಂದು ‘ನಾವು’ ತುರುಕುತ್ತದೆ. ಕೆಲಸ ಯಾರದೆಂಬುದೇ ಅದಲುಬದಲು.

ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ತೆಗೆದುಕೊಳ್ಳಿ, ಅದರ ಮೇಲೆ ಗೀಚಬೇಡಿ. ಇದನ್ನು, ಬಾಗುವ ಕೋನವನ್ನು ಅರ್ಧ ದಿನ ಕಲಿಸುವ ತರಬೇತಿಗೆ ದುಡ್ಡು ಸುರಿಯುವುದು ದಂಡ. ಮರ್ಯಾದೆಗೆ ಹೆಸರಿನ ಕೊನೆಗೆ ಸೇರಿಸುವ ‘ಸಾನ್’ ಎದುರಿನವರ ಹೆಸರಿಗೆ ಮಾತ್ರ, ನಿಮ್ಮ ಹೆಸರಿಗೆ ನೀವೇ ಹಚ್ಚಿಕೊಳ್ಳಬೇಡಿ.