ರಿಮ್‌ವರ್ಲ್ಡ್‌ನ ಮರುಭೂಮಿಯಲ್ಲಿ ಮನೆ ಹೂಡುವುದು ಹೇಗೆ

ಕಾಸರಗೋಡಿನ ಪೆರ್ಲ, ಬಾಯಾರು ಕಡೆಯವರಿಗೆ ಗುಡ್ಡೆ ಕೊರೆದು ನೀರು ತರುವ ಸುರಂಗ ಹೊಸತೇನಲ್ಲ. ಅದೇ ಬುದ್ಧಿಯಲ್ಲಿ ನಾನೂ ರಿಮ್‌ವರ್ಲ್ಡ್ ಅನ್ನುವ, ಊರು ಕಟ್ಟಿ ಜನರನ್ನು ಬದುಕಿಸುವ ಕಂಪ್ಯೂಟರ್ ಆಟದಲ್ಲಿ ಮರುಭೂಮಿ ಆರಿಸಿ, ಮೊದಲು ನೀರು ಹುಡುಕಿದೆ. ಸುಮ್ನೆ ಒಂದು ಸಂಜೆ ಹಾಳಾಯಿತು. ಮಾಡ್ (ಆಡುವವರೇ ಮಾಡಿ ಹಂಚುವ ಸೇರ್ಪಡೆ) ಹಾಕದ ಆಟದಲ್ಲಿ ಯಾರಿಗೂ ಬಾಯಾರಿಕೆಯೇ ಆಗುವುದಿಲ್ಲ ಮಾರಾಯ್ರೇ! ಅಲ್ಲಿ ತತ್ವಾರ ಇರುವುದು ಮರಕ್ಕೆ, ಒಳ್ಳೆ ಮಣ್ಣಿಗೆ, ತಂಪಿಗೆ.

ಮೊದಲ ಸಲ ಆಡುವವರು ಎಕ್ಸ್‌ಟ್ರೀಮ್ ಡೆಸರ್ಟ್, ಅಂದರೆ ತೀರಾ ಕಠಿಣ ಮರುಭೂಮಿಯ ಕಡೆ ಹೋಗಬೇಡಿ. ಬರೀ ಡೆಸರ್ಟ್ ಸಾಕು, ಆದರೆ ಗುಡ್ಡೆ ಇರುವ ಜಾಗವೇ ಆಗಬೇಕು.

ಯಾಕೆಂದರೆ ಸುರಂಗದ ಬುದ್ಧಿ ಇಲ್ಲಿ ಬೇರೆ ರೀತಿ ಉಪಯೋಗಕ್ಕೆ ಬರುತ್ತದೆ. ಮೇಲೆ ದಪ್ಪ ಬಂಡೆಯ ಮಾಡು (ಚಾವಣಿ) ಇರುವ ಕಡೆ ಕೊರೆದು ಕೋಣೆ ಮಾಡಿದರೆ, ಹೊರಗೆ ಎಷ್ಟೇ ಬಿಸಿಲು ಕಾದರೂ ಒಳಗೆ ತಂಪು. ಮಲಗುವ ಕೋಣೆ, ಊಟದ ಸಾಮಾನಿನ ಕೋಣೆ ಎರಡನ್ನೂ ಅಲ್ಲೇ ಮಾಡಿ. ಕೋಣೆ ದೊಡ್ಡದಾಗಲಿ ಅಂತ ಕೊರೆಯುತ್ತಾ ಹೋಗಬೇಡಿ, ಗೋಡೆಯಿಂದ ಸುಮಾರು 6 ಚೌಕಕ್ಕಿಂತ ದೂರ ಆಧಾರ ಇಲ್ಲದಿದ್ದರೆ ಮಾಡು ಕುಸಿದು ತಲೆಮೇಲೆ ಬೀಳುತ್ತದೆ, ನಡುವೆ ಒಂದು ಕಂಬ ಬಿಡಿ. ದಪ್ಪ ಮಾಡಿನ ಕೆಳಗೆ ಕೀಟಗಳು ಗೂಡು ಕಟ್ಟಿ ಮೇಲೆ ಬೀಳುವುದೂ ಉಂಟು. ಹಾಗಾಗಿ ಬಂದೂಕು ಹಿಡಿದವರು ಹತ್ತಿರವೇ ಇರಲಿ.

ಮರ ಸಿಗುವುದು ಸಗುವಾರೊ ಕಳ್ಳಿಯಿಂದ. ಅದನ್ನು ಗೋಡೆಗೆ ಸುರಿಯಬೇಡಿ. ಕರೆಂಟ್ ಬರುವ ತನಕ ನಿಮ್ಮನ್ನು ಕಾಯುವುದು ಕರೆಂಟ್ ಬೇಡದೆ ಕೋಣೆ ತಂಪು ಮಾಡುವ ಪ್ಯಾಸಿವ್ ಕೂಲರ್, ಅದೊಂದಕ್ಕೇ 50 ಮರ ಬೇಕು, ಆಮೇಲೆ ಉರುವಲಾಗಿ ಇನ್ನೂ ತಿನ್ನುತ್ತದೆ. ಗೋಡೆಗೆ ಕಲ್ಲು ಕೆತ್ತಿಸಿ, ನಿಧಾನವಾದರೂ ಬೆಂಕಿಯ ಭಯ ಇಲ್ಲ. ಕರೆಂಟಿನ ಕೂಲರ್ ಕೂರಿಸುವಾಗ ನೀಲಿ ಬದಿ ಒಳಗೆ, ಕೆಂಪು ಬದಿ ಬಯಲಿಗೆ. ನಾನು ಕೆಂಪು ಬದಿಯನ್ನು ಅಡುಗೆಮನೆಗೆ ತಿರುಗಿಸಿದ್ದೆ. ಅಡುಗೆಯವಳು ಬಿಸಿಗೆ ಒಲೆ ಪಕ್ಕದಲ್ಲೇ ಬಿದ್ದಳು!

ಮರಳಲ್ಲಿ ಬೆಳೆ ಬರುವುದಿಲ್ಲ. ಜಲ್ಲಿ ಮಣ್ಣು ಸಿಕ್ಕಿದರೆ ಆಲೂಗಡ್ಡೆ ಹಾಕಿ, ಅದಕ್ಕೆ ಮಣ್ಣಿನ ಬಗ್ಗೆ ಅಷ್ಟು ಹಟ ಇಲ್ಲ. ಒಳ್ಳೆ ಮಣ್ಣಿನ ತುಂಡು ಇದ್ದರೆ ಭತ್ತ, ಬೇಗ ಕೈಗೆ ಬರುತ್ತದೆ. ಒಂಟೆ ಕಂಡರೆ ಪಳಗಿಸಿ, ಹಾಲೂ ಕೊಡುತ್ತದೆ, ಹೊರೆಯೂ ಹೊರುತ್ತದೆ.

ಬಟ್ಟೆ ವಿಷಯ: ಬಿಸಿಲಿಗೆ ಡಸ್ಟರ್ ಅನ್ನುವ ಉದ್ದ ಕೋಟು, ಕೌಬಾಯ್ ಹ್ಯಾಟು. ಸೆಕೆಗೆ ಕೋಟಾ ಅಂತ ನಗಬೇಡಿ, ನಮ್ಮೂರಲ್ಲಿ ಗಲ್ಫಿನಲ್ಲಿದ್ದು ಬಂದವರಿಗೇನು ಬರ, ಅಲ್ಲಿಯವರು ಮೈತುಂಬ ಉಡುವುದು ಯಾಕೆ ಅಂತ ಅವರನ್ನೇ ಕೇಳಿ.

ಇನ್ನೊಂದು. ಈ ಆಟ ಸ್ಟೀಮ್ ಅನ್ನುವ ಆನ್‌ಲೈನ್ ಆಟದಂಗಡಿಯಲ್ಲಿ 2016ರ ಜುಲೈಯಿಂದ 2018ರ ಅಕ್ಟೋಬರ್ ತನಕ ಅರ್ಲಿ ಆಕ್ಸೆಸ್‌ನಲ್ಲಿ, ಅಂದರೆ ಪೂರ್ತಿಯಾಗುವ ಮೊದಲೇ ಮಾರಾಟದಲ್ಲಿತ್ತು. ಆ ಕಾಲದ ವಿಡಿಯೋ ನೋಡಿ ಆಡಿದರೆ ಎಷ್ಟೋ ಲೆಕ್ಕ ತಪ್ಪುತ್ತದೆ, ತಾರೀಕು ನೋಡಿಕೊಳ್ಳಿ. ಹಿಡಿಸದಿದ್ದರೆ, ಕೊಂಡ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ, ಸ್ಟೀಮ್‌ನಲ್ಲಿ ದುಡ್ಡು ವಾಪಸ್ ಕೇಳಬಹುದು. ನನಗಂತೂ ಮೊದಲ ಕೋಣೆ ಕೊರೆಯುವಷ್ಟರಲ್ಲೇ ಆ 2 ಗಂಟೆ ಮುಗಿದಿತ್ತು.