ಹೊಸ ಸ್ಟೂಡೆಂಟ್ ಮಾಡೆಲ್ ಬಿಟ್ಟು ಹಳೆಯ ಪೆಡಲ್ ಸ್ಟೀಲ್ ಕೊಂಡೆ: ನನ್ನ ಅನುಭವ

ಪೆಡಲ್ ಸ್ಟೀಲ್ ಅಂದರೆ ಕಾಲುಗಳ ಮೇಲೆ ನಿಲ್ಲಿಸಿ, ತಂತಿಯ ಮೇಲೆ ಲೋಹದ ಬಾರ್ ಜಾರಿಸಿ, ಪೆಡಲ್ ಒತ್ತಿ ಶ್ರುತಿ ಬದಲಿಸಿ ನುಡಿಸುವ ಗಿಟಾರ್. ಕಡಿಮೆ ದುಡ್ಡಿದ್ದರೆ ಹೊಸ ಸ್ಟೂಡೆಂಟ್ ಮಾಡೆಲ್ ತಗೋ, ಹಳೇ ಯಂತ್ರದ ಗೊಡವೆಗೆ ಹೋಗಬೇಡ ಅಂದವರೇ ಜಾಸ್ತಿ. ನಾನು ಕೊಂಡಿದ್ದು ಎಪ್ಪತ್ತರ ದಶಕದ, ಆಲ್-ಪುಲ್ ಚೇಂಜರ್ (ರಾಡ್ ಎಳೆದು ತಂತಿಯ ಶ್ರುತಿ ಏರಿಸಿ ಇಳಿಸುವ ಭಾಗ) ಇರುವ, ಒಂದೇ ನೆಕ್‌ನ ಎಸ್‌ಡಿ-10, ಅಂದರೆ ಹತ್ತು ತಂತಿಯದು. ಮೂರು ಪೆಡಲ್, ಮೊಣಕಾಲಿನಿಂದ ತಳ್ಳುವ ನಾಲ್ಕು ನೀ ಲಿವರ್. ಈಗ ಪೆಡಲ್ ಒತ್ತಿ ಬಿಟ್ಟರೆ ಎಲ್ಲ ತಂತಿಯೂ ಎರಡು ಸೆಂಟ್ (ಅರ್ಧ ಸ್ವರದ ನೂರನೇ ಒಂದು ಭಾಗ ಒಂದು ಸೆಂಟ್) ಒಳಗೆ ವಾಪಸ್ ಬಂದು ನಿಲ್ಲುತ್ತದೆ. ಬೇಡ ಅಂದವರೇ ಬಂದು ಟ್ಯೂನರ್ ಹಿಡಿದು ನೋಡಿ ಹೋಗಿದ್ದಾರೆ.

ಲೆಕ್ಕ ನೆನಪಿನಿಂದ: ವಾದ್ಯಕ್ಕೆ ಸುಮಾರು 1300 ಡಾಲರ್, ಸಾಗಣೆಗೆ 150ರ ಆಸುಪಾಸು, ಸ್ಪ್ರಿಂಗ್, ನೈಲಾನ್ ಟ್ಯೂನರ್ (ರಾಡ್ ತುದಿಯಲ್ಲಿ ಶ್ರುತಿ ಹೊಂದಿಸುವ ನಟ್), ತಂತಿ ಎಲ್ಲ ಸೇರಿ ಇನ್ನೊಂದು ನೂರು. ವೃತ್ತಿಪರ ಮಟ್ಟದ ಹೊಸದಾದರೆ ಇದರ ಎರಡು ಪಟ್ಟಿಗೂ ಮಿಕ್ಕುತ್ತದೆ. ವಾಲ್ಯೂಮ್ ಪೆಡಲ್, ಬಾರ್, ಪಿಕ್‌ಗಳಿಗೆ ಬೇರೆಯಾಗಿ 250–300 ತೆಗೆದಿಡಿ.

ಆಯ್ಕೆಯೆಲ್ಲ ಅಡಿಭಾಗದಲ್ಲಿದೆ. ಕ್ಯಾಬಿನೆಟ್ಟಿನ ಹೊಳಪು ನೋಡಿ ದುಡ್ಡು ಕೊಡಬೇಡಿ. ವಾದ್ಯ ಮಗುಚಿ, ರಾಡ್ ಎಳೆಯುವ ಸಣ್ಣ ತೋಳುಗಳಾದ ಬೆಲ್‌ಕ್ರ್ಯಾಂಕ್‌ಗಳ ಸೆಟ್ ಸ್ಕ್ರೂ ಸುತ್ತ ಟಾರ್ಚ್ ಬಿಡಿ. ಬೂದು ಬಣ್ಣದ, ಒರಟು ಕಣದ ಪಾಟ್ ಮೆಟಲ್ (ಅಗ್ಗದ ಎರಕದ ಲೋಹ) ಆಗಿದ್ದರೆ ಕೂದಲೆಳೆಯಂಥ ಬಿರುಕು ಕಾಣುತ್ತದೆ; ಬಿಗಿ ಮಾಡಿದಷ್ಟೂ ಬಾಯಿ ಬಿಡುತ್ತದೆ. ಅಲ್ಯುಮಿನಿಯಂ ಅಥವಾ ಸ್ಟೀಲ್ ಇರಬೇಕು. ಒಂದೇ ನೀ ಲಿವರ್ ಇರುವ ಶೋ-ಬಡ್ ಕಂಪನಿಯ ಮಾವೆರಿಕ್ ಥರದವು ಅಗ್ಗಕ್ಕೆ ಸಿಗುತ್ತವೆ, ಆದರೆ ಮೂರು ಲಿವರ್ ಸೇರಿಸುವ ಖರ್ಚಲ್ಲಿ ಉಳಿತಾಯ ಕರಗುತ್ತದೆ. ಫೆಂಡರ್ 400, 1000 ಗಟ್ಟಿಮುಟ್ಟು, ಆದರೆ ಕೇಬಲ್ ಎಳೆತ, ನೆಕ್ ಒಂದಕ್ಕೆ ಎಂಟೇ ತಂತಿ. ಇ9 (ಹತ್ತು ತಂತಿಯ ರೂಢಿಯ ಶ್ರುತಿ) ಪೂರ್ತಿ ಬೇಕೆನ್ನುವವರಿಗಲ್ಲ. ಎಮನ್ಸ್ ಕಂಪನಿಯ ಪುಶ್-ಪುಲ್ (ಶ್ರುತಿ ಏರಿಸಲು ಎಳೆಯುವ, ಇಳಿಸಲು ತಳ್ಳುವ ಚೇಂಜರ್) ವಾದ್ಯದ ನಾದಕ್ಕೆ ನಾನೂ ಸೋತವನೇ. ಆದರೂ ಅದರ ಹೊಂದಾಣಿಕೆಗೆ ಪಳಗಿದ ಕೈ ಬೇಕು, ಮೊದಲ ವಾದ್ಯಕ್ಕೆ ಬೇಡ. ಎರಡು ನೆಕ್ ಇರುವ ಡಿ-10 ಹೊರಲು ಜನ ಹಿಂಜರಿಯುವುದರಿಂದ ಕೆಲವೊಮ್ಮೆ ಒಂಟಿ ನೆಕ್‌ನ ಬೆಲೆಗೇ ಬರುತ್ತದೆ. ಬೆನ್ನು ಗಟ್ಟಿ ಇದ್ದವರು ಬಿಡಬೇಡಿ.

ಕೊಳ್ಳುವ ಮುಂಚೆ ಟ್ಯೂನರ್ ಹಾಕಿ ಎರಡು ಪರೀಕ್ಷೆ. ನಾಲ್ಕನೇ ತಂತಿ (ಇ) ಮೀಟಿ ಎ, ಬಿ ಪೆಡಲ್ ಎರಡನ್ನೂ ಒತ್ತಿ. ಆ ಪೆಡಲ್‌ಗಳಿಗೂ ಅದಕ್ಕೂ ಸಂಬಂಧವಿಲ್ಲ, ಆದರೂ ಕ್ಯಾಬಿನೆಟ್ ಬಾಗಿ ಶ್ರುತಿ ಇಳಿಯುತ್ತದೆ. ಮೂರು–ನಾಲ್ಕು ಸೆಂಟ್ ಸಹಜ. ಹತ್ತು ದಾಟಿದರೆ ಕೈಮುಗಿದು ಬನ್ನಿ, ಅದಕ್ಕೆ ಸುಲಭದ ಮದ್ದಿಲ್ಲ. ಆಮೇಲೆ ಅದೇ ತಂತಿಯನ್ನು ಎಫ್ ಲಿವರ್‌ನಿಂದ ಏರಿಸಿ ಬಿಡಿ, ಮುಳ್ಳು ನೋಡಿಕೊಳ್ಳಿ. ಇ ಫ್ಲ್ಯಾಟ್ ಲಿವರ್‌ನಿಂದ ಇಳಿಸಿ ಬಿಟ್ಟು ಮತ್ತೆ ನೋಡಿ. ಎರಡಕ್ಕೂ ವ್ಯತ್ಯಾಸ ಬಂದರೆ ಹೆದರಬೇಕಿಲ್ಲ, ಬೆಲೆ ಇಳಿಸಲು ಅದೇ ಸಾಕು. ಕಾರಣ ಸಾಮಾನ್ಯವಾಗಿ ತಿರುಗದ ನಟ್ ರೋಲರ್ (ಬಿರಡೆಯ ಕಡೆ ತಂತಿ ಕೂರುವ ಚಕ್ರ), ಬಿರಡೆಗೆ ಸುತ್ತಿದ ಹೆಚ್ಚಿನ ಸುತ್ತು, ಅಥವಾ ಒಣಗಿದ ಚೇಂಜರ್ ಆಕ್ಸಲ್.

ಹೆಚ್ಚಿನವರು ‘ಚೇಂಜರ್ ಸವೆದಿದೆ’ ಎಂದು ಮಾರುವ ವಾದ್ಯದಲ್ಲಿ ಸವೆತವೇ ಇರುವುದಿಲ್ಲ, ಜಿಡ್ಡು ಇರುತ್ತದೆ. ಡಬ್ಲ್ಯುಡಿ-40 ಹೊಡೆದು ಹೊಡೆದು ಅಂಟಾದದ್ದು. ತಂತಿ ಸಡಿಲಿಸಿ, ಪಿಕಪ್ ಮತ್ತು ಕ್ಯಾಬಿನೆಟ್ಟಿಗೆ ಬಟ್ಟೆ ಮುಚ್ಚಿ, ನ್ಯಾಫ್ತಾ (ಬೇಗ ಆರುವ ಪೆಟ್ರೋಲಿಯಂ ದ್ರಾವಕ) ಹನಿಸಿ ಪೆಡಲ್, ಲಿವರ್ ಆಡಿಸುತ್ತಿರಿ. ಕರಿ ನೀರು ನಿಲ್ಲುವವರೆಗೆ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಪೂರ್ತಿ ಆರಿದ ಮೇಲೆ ಸೂಜಿ ತುದಿಯಿಂದ ಪ್ರತಿ ಫಿಂಗರಿಗೆ (ಚೇಂಜರಿನಲ್ಲಿ ತಂತಿ ಕೂತಿರುವ, ಆಡುವ ತುಂಡಿಗೆ) ಒಂದು ಹನಿ ತೆಳು ಮೆಷಿನ್ ಆಯಿಲ್.

ನೈಲಾನ್ ಟ್ಯೂನರ್ ಒಂದೊಂದನ್ನೂ ಬೆರಳಲ್ಲಿ ಅಲುಗಿಸಿ. ಪೆಡಲ್ ಒತ್ತದಿದ್ದಾಗ ಅದರಲ್ಲಿ ಕೂದಲಷ್ಟಾದರೂ ಸಡಿಲ ಇರಲೇಬೇಕು. ಇಲ್ಲದಿದ್ದರೆ ಫಿಂಗರ್ ತನ್ನ ಸ್ಟಾಪ್‌ಗೆ ಮರಳುವುದಿಲ್ಲ, ಬಿಟ್ಟ ತಂತಿಯ ಶ್ರುತಿ ದಿನಕ್ಕೊಂದು ಥರ. ಏರಿಸುವಾಗ ಇಳಿಕೆಯ ಭಾಗ ಸ್ಟಾಪ್ ಬಿಟ್ಟು ಮೇಲೇಳುತ್ತಿದ್ದರೆ ಅದರ ರಿಟರ್ನ್ ಸ್ಪ್ರಿಂಗ್ ಸೋತಿದೆ ಎಂದರ್ಥ. ಬದಲಾಯಿಸಲು ಕೆಲವೇ ಡಾಲರ್. ಹತ್ತೂ ಸ್ಪ್ರಿಂಗನ್ನು ಯಾವ ಕ್ರಮದಲ್ಲಿ ಸಮತೂಗಿಸುತ್ತೇನೆ ಎಂಬುದು ಮಾತ್ರ ನನ್ನ ಹತ್ತಿರವೇ ಇರಲಿ.

ಮೂರನೇ ತಂತಿ, ಅಂದರೆ .011 ಇಂಚು ದಪ್ಪದ್ದು, ಪದೇಪದೇ ತುಂಡಾಗುತ್ತಿದ್ದರೆ ತಂತಿಯ ಕಂಪನಿಯನ್ನು ಬಯ್ಯುವ ಮುಂಚೆ ಫಿಂಗರಿನ ತಲೆಯ ಮೇಲೆ ಉಗುರು ಎಳೆಯಿರಿ. ಗೀರು ಸಿಕ್ಕರೆ 600, 1000, 2000 ನಂಬರಿನ ಎಮರಿ ಕಾಗದದಿಂದ ತಂತಿಯ ದಿಕ್ಕಿಗೇ ಉಜ್ಜಿ, ಕೊನೆಗೆ ಮೆಟಲ್ ಪಾಲಿಶ್. ದುಂಡು ಹೋಗಿ ಚಪ್ಪಟೆಯಾದರೆ ತಂತಿ ಸಿತಾರಿನಂತೆ ಝೇಂಕರಿಸುತ್ತದೆ, ಹಾಗಾಗಿ ಕೈ ಹಗುರ ಇರಲಿ.

ಇದರ ನಡುವೆ ಆರನೇ ತಂತಿಗೆ .020 ಪ್ಲೇನ್ (ಬರಿ ತಂತಿ) ತೆಗೆದು .022 ವೂಂಡ್ (ಮೇಲೆ ಇನ್ನೊಂದು ತಂತಿ ಸುತ್ತಿದ್ದು) ಹಾಕಿ ನೋಡಿದೆ. ಕ್ಯಾಬಿನೆಟ್ ಡ್ರಾಪ್, ಅಂದರೆ ಕ್ಯಾಬಿನೆಟ್ ಬಾಗಿ ಶ್ರುತಿ ಇಳಿಯುವುದು, ಕಣ್ಣಿಗೆ ಕಾಣುವಷ್ಟು ತಗ್ಗಿತು, ಮೂರನೆಯದರ ಜೊತೆ ಹೊಂದಾಣಿಕೆಯೂ ಚೆನ್ನ. ತೊಂದರೆ ಏನೆಂದರೆ ಜಿ ಶಾರ್ಪ್‌ನಿಂದ ಎಫ್ ಶಾರ್ಪ್‌ಗೆ ಇಳಿಸಲು ಫಿಂಗರ್ ಇನ್ನೂ ದೂರ ಓಡಬೇಕು. ಕೆಲವು ಚೇಂಜರ್‌ಗಳಲ್ಲಿ ಅಷ್ಟು ಜಾಗವೇ ಇಲ್ಲ. ಹಾಗೆ ಇಳಿಸುವ ಲಿವರ್ ಬಳಸದವರು ಧಾರಾಳವಾಗಿ ಹಾಕಿಕೊಳ್ಳಿ.

ದೂರದಿಂದ ತರಿಸುವುದಾದರೆ ಅಡಿಭಾಗದ ಫೋಟೋ ಕೇಳಿ, ಪೆಡಲ್ ಒತ್ತುವಾಗ ಚೇಂಜರ್ ಆಡುವ ವಿಡಿಯೋ ಕೇಳಿ. ಕಾಲುಗಳ ತಿರುಪಿನ ಎಳೆ (ಥ್ರೆಡ್) ಸವೆದಿದೆಯೇ, ಪೆಡಲ್ ರಾಡ್‌ಗಳು ಎಲ್ಲವೂ ಇವೆಯೇ ಎಂದೂ ವಿಚಾರಿಸಿ. ಕಳೆದ ಒಂದು ರಾಡ್ ಹುಡುಕುವುದು ಪಿಕಪ್ ಬದಲಿಸುವುದಕ್ಕಿಂತ ತಲೆನೋವಿನ ಕೆಲಸ.